ಇಂಗ್ಲಿಷ್ ಮಾತಿಗೆ ಅಂಕ ಹಾಕುವುದು ಹೇಗೆ?

ಅಕ್ಕಿ ಅಳೆಯಲು ಪಾವು, ಸೇರು ಇದೆ. ಬಟ್ಟೆಗೆ ಮೀಟರು, ಚಿನ್ನಕ್ಕೆ ಗ್ರಾಮು. ಲೆಕ್ಕದ ಉತ್ತರವಾದರೆ ಒಂದೋ ಸರಿ, ಇಲ್ಲವೇ ತಪ್ಪು. ಮೇಷ್ಟರು ಕೆಂಪು ಶಾಯಿಯಲ್ಲಿ ಗೆರೆ ಎಳೆದರೆ ಮುಗಿಯಿತು. ಆದರೆ ಬಾಯಿಂದ ಹೊರಟು ಗಾಳಿಯಲ್ಲಿ ಕರಗಿಹೋಗುವ ಮಾತಿಗೆ ಅಂಕ ಹಾಕುವುದು ಹೇಗೆ? ಅದೂ ನಮ್ಮದಲ್ಲದ ಭಾಷೆಯ ಮಾತಿಗೆ?

‘ಅಯ್ಯೋ, ಇದೆಲ್ಲ ನಮಗೇಕೆ’ ಎಂದು ಪುಟ ತಿರುವಬೇಡಿ. ಇಂದು ಈ ಪರೀಕ್ಷೆ ನಮ್ಮ ಮನೆ ಬಾಗಿಲಿಗೇ ಬಂದಿದೆ. ನರ್ಸಿಂಗ್ ಓದಿದ ಮಗಳು ಇಂಗ್ಲೆಂಡಿಗೆ ಹೋಗಬೇಕೆನ್ನುತ್ತಾಳೆ. ಮಗನಿಗೆ ಆಸ್ಟ್ರೇಲಿಯಾದಲ್ಲಿ ಓದುವ ಆಸೆ. ತಂಗಿಗೆ ಲಂಡನ್ನಿನಲ್ಲಿರುವ ವರ ಗೊತ್ತಾಗಿದ್ದಾನೆ. ಇವರೆಲ್ಲರೂ ದಾಟಬೇಕಾದ ಹೊಸ್ತಿಲು ಒಂದೇ: ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಓದುವುದು, ಬರೆಯುವುದಕ್ಕೆ ಹೆದರದ ಮಕ್ಕಳೂ ಮಾತಿನ ಭಾಗ ಎಂದರೆ ಬೆವರುತ್ತಾರೆ. ಪರೀಕ್ಷೆಯ ಶುಲ್ಕವೇ ಹದಿನಾರು ಸಾವಿರ ರೂಪಾಯಿಗೂ ಮೇಲೆ. ಜೊತೆಗೆ ಕೋಚಿಂಗ್ ಕ್ಲಾಸಿನ ಫೀಸು. ಇಷ್ಟು ಹಣ ಕಟ್ಟುವ ತಾಯಂದಿರಿಗೆ, ಅಲ್ಲಿ ಏನನ್ನು ನೋಡಿ ಅಂಕ ಹಾಕುತ್ತಾರೆ ಎಂಬುದಾದರೂ ತಿಳಿದಿರಬೇಡವೇ?

ನಾನು ಓದಿದ್ದು ಹೈಸ್ಕೂಲುವರೆಗೆ, ಅದೂ ಕನ್ನಡ ಮಾಧ್ಯಮದಲ್ಲಿ. ಆದರೆ ನಮ್ಮ ಅಕ್ಕನ ಮಗಳು ಈ ಪರೀಕ್ಷೆಗೆಂದು ನಮ್ಮ ಮನೆಯಲ್ಲೇ ಇದ್ದು ಓದಿದಳು. ಅಂಕ ಹಾಕುವ ನಿಯಮಗಳನ್ನು ಪರೀಕ್ಷೆ ನಡೆಸುವವರೇ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದಾರೆ. ಅದನ್ನು ಅವಳು ಓದಿ ಹೇಳುತ್ತಿದ್ದಳು, ನಾನು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದೆ. ಕೇಳುತ್ತಾ ಹೋದಂತೆ, ಇದು ನಾವು ಅಂದುಕೊಂಡಂಥ ಗುಮ್ಮ ಅಲ್ಲ ಎನಿಸಿತು. ಆ ತಿಳುವಳಿಕೆಯನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹದಿನಾಲ್ಕು ನಿಮಿಷದ ಮಾತು

ಇಂಥ ಪರೀಕ್ಷೆಗಳಲ್ಲಿ ನಮ್ಮ ಕಡೆ ಹೆಚ್ಚು ಹೆಸರಾಗಿರುವುದು ಐಇಎಲ್‌ಟಿಎಸ್. ನಮ್ಮ ಹುಡುಗರ ಬಾಯಲ್ಲಿ ಅದು ‘ಐಲ್ಟ್ಸ್’. 1980ರಲ್ಲಿ ಬೇರೆ ಹೆಸರಿನಿಂದ ಶುರುವಾಗಿ, 1989ರಲ್ಲಿ ಈಗಿನ ಹೆಸರು ಪಡೆಯಿತು. ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ಸೇರಿ ನಡೆಸುವ ಪರೀಕ್ಷೆ ಇದು. ನಮ್ಮ ದೇಶದಲ್ಲಿ 2021ರಿಂದ ಐಡಿಪಿಯವರೇ ನಡೆಸುತ್ತಿದ್ದಾರೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪಾಸು–ಫೇಲು ಎಂಬುದಿಲ್ಲ. ಸೊನ್ನೆಯಿಂದ 9ರವರೆಗೆ ಅಂಕ. ಅದನ್ನು ‘ಬ್ಯಾಂಡ್’ ಎನ್ನುತ್ತಾರೆ. ಎಷ್ಟು ಬೇಕು ಎಂದು ಹೇಳುವವರು ಆಯಾ ಕಾಲೇಜು, ಆಸ್ಪತ್ರೆ, ಸರ್ಕಾರದವರು.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಎದುರಿಗೆ ಒಬ್ಬರೇ ಪರೀಕ್ಷಕರು. ಎದುರು ಬದುರು ಕೂತು ಆಗಬಹುದು, ವಿಡಿಯೋ ಕರೆಯಲ್ಲೂ ಆಗಬಹುದು. ಮೊದಲ ನಾಲ್ಕೈದು ನಿಮಿಷ ಊರು, ಮನೆ, ಕೆಲಸ, ಊಟ–ತಿಂಡಿಯ ಪರಿಚಿತ ಪ್ರಶ್ನೆಗಳು. ಆಮೇಲೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲೊಂದು ವಿಷಯ ಇರುತ್ತದೆ. ಯಾವುದೋ ಪ್ರಯಾಣ, ಮೆಚ್ಚಿನ ವ್ಯಕ್ತಿ, ಹೀಗೆ. ಒಂದು ನಿಮಿಷ ಯೋಚಿಸಲು ಬಿಡುತ್ತಾರೆ, ಗುರುತು ಹಾಕಿಕೊಳ್ಳಲೂಬಹುದು. ಬಳಿಕ ಒಂದರಿಂದ ಎರಡು ನಿಮಿಷ ಒಬ್ಬರೇ ಮಾತಾಡಬೇಕು. ಕೊನೆಯ ನಾಲ್ಕೈದು ನಿಮಿಷ ಅದೇ ವಿಷಯದ ಸುತ್ತ ಸ್ವಲ್ಪ ಆಳವಾದ ಚರ್ಚೆ.

ಮಾತೆಲ್ಲವೂ ರೆಕಾರ್ಡ್ ಆಗುತ್ತದೆ. ಪರೀಕ್ಷಕರು ತಮಗೆ ತೋಚಿದಂತೆ ಪ್ರಶ್ನೆ ಕೇಳುವಂತಿಲ್ಲ, ಅವರಿಗೂ ಬರೆದಿಟ್ಟ ಕ್ರಮವಿದೆ. ಅವರಿಗೇ ಎರಡು ವರ್ಷಕ್ಕೊಮ್ಮೆ ಮರುಪರೀಕ್ಷೆ ಇದೆ ಎಂದು ಕೇಳಿದಾಗ ನನಗೆ ನಗು ಬಂತು; ಪರವಾಗಿಲ್ಲ, ನ್ಯಾಯ ಇದೆ ಎನಿಸಿತು. ಎರಡು ನಿಮಿಷವಾದ ಕೂಡಲೇ ಮಾತನ್ನು ಅರ್ಧಕ್ಕೆ ತಡೆಯುತ್ತಾರೆ. ‘ನನ್ನ ಮಾತು ಹಿಡಿಸಲಿಲ್ಲ’ ಎಂದು ಎಷ್ಟೋ ಮಕ್ಕಳು ಅಲ್ಲೇ ಕುಗ್ಗುತ್ತಾರೆ. ಹಾಗೇನಿಲ್ಲ. ಗಡಿಯಾರ ನೋಡಿ ತಡೆದದ್ದು ಅಷ್ಟೆ.

ನಾಲ್ಕು ತಕ್ಕಡಿ

ಈಗ ಮುಖ್ಯ ವಿಷಯ. ಸಾರಿನ ರುಚಿಯನ್ನು ಉಪ್ಪು, ಹುಳಿ, ಖಾರ, ಬೆಲ್ಲ ಎಂದು ಬೇರೆ ಬೇರೆಯಾಗಿ ನೋಡುತ್ತೇವಲ್ಲ, ಹಾಗೆಯೇ ಮಾತನ್ನೂ ನಾಲ್ಕು ಬಗೆಯಲ್ಲಿ ತೂಗುತ್ತಾರೆ. ನಾಲ್ಕಕ್ಕೂ ಸಮ ತೂಕ.

ಮೊದಲನೆಯದು, ಮಾತಿನ ಓಟ ಮತ್ತು ಹೊಂದಿಕೆ. ಓಟ ಎಂದರೆ ವೇಗ ಅಲ್ಲ. ಗಡಗಡ ಮಾತಾಡಿದರೆ ಅಂಕ ಹೆಚ್ಚು ಎಂಬುದು ತಪ್ಪು ತಿಳುವಳಿಕೆ. ಮಾತು ಮುಗ್ಗರಿಸದೆ ಮುಂದೆ ಸಾಗುತ್ತದೆಯೇ, ಒಂದು ಮಾತಿಗೂ ಇನ್ನೊಂದಕ್ಕೂ ಸಂಬಂಧ ಇದೆಯೇ ಎಂದು ನೋಡುತ್ತಾರೆ. ತಡವರಿಸುವುದರಲ್ಲೂ ಎರಡು ಬಗೆ. ಏನು ಹೇಳಲಿ ಎಂದು ಯೋಚಿಸಲು ನಿಲ್ಲುವುದು ಒಂದು. ಅದು ಎಲ್ಲರೂ ಮಾಡುವುದೇ. ಇಂಗ್ಲಿಷ್ ಪದ ಸಿಗದೆ ಕನ್ನಡದಿಂದ ಮನಸ್ಸಿನಲ್ಲೇ ತರ್ಜುಮೆ ಮಾಡಲು ನಿಲ್ಲುವುದು ಇನ್ನೊಂದು. ಅಂಕ ಇಳಿಯುವುದು ಎರಡನೆಯದರಿಂದ. ಹೇಳಿದ್ದನ್ನೇ ಹೇಳುವುದು, ಪ್ರತಿ ವಾಕ್ಯವನ್ನೂ ತಿದ್ದಿ ತಿದ್ದಿ ಮತ್ತೆ ಶುರು ಮಾಡುವುದು, ಇವೂ ಈ ಲೆಕ್ಕಕ್ಕೇ ಬರುತ್ತವೆ.

ಎರಡನೆಯದು ಪದಸಂಪತ್ತು. ನಿಘಂಟಿನಿಂದ ಹೆಕ್ಕಿದ ಗಜಗಾತ್ರದ ಪದಗಳು ಬೇಕಿಲ್ಲ. ಹೇಳಬೇಕಾದ್ದಕ್ಕೆ ತಕ್ಕ ಪದ ಇದೆಯೇ? ಒಂದು ಪದ ಮರೆತರೆ ಬೇರೆ ಮಾತಿನಲ್ಲಿ ಸುತ್ತಿಬಳಸಿಯಾದರೂ ತಿಳಿಸಬಲ್ಲರೇ? ಒರಳುಕಲ್ಲಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲ ಎಂದುಕೊಳ್ಳಿ. ‘ಹಿಟ್ಟು ರುಬ್ಬಲು ನಮ್ಮ ಅಜ್ಜಿ ಬಳಸುತ್ತಿದ್ದ ದೊಡ್ಡ ಕಲ್ಲು’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಸಾಕು. ಅದಕ್ಕೆ ಅಂಕ ಹೋಗುವುದಿಲ್ಲ. ಹಾಗೆ ಬಳಸಿ ಹೇಳಬಲ್ಲವರನ್ನು ಅವರು ಮೆಚ್ಚುತ್ತಾರೆ.

ಮೂರನೆಯದು ವ್ಯಾಕರಣ. ಇಲ್ಲೂ ಎರಡು ಮಾತಿದೆ: ತಪ್ಪು ಎಷ್ಟು, ಮತ್ತು ವಾಕ್ಯಗಳಲ್ಲಿ ವೈವಿಧ್ಯ ಎಷ್ಟು. ತಪ್ಪೇ ಆಗಬಾರದೆಂದು ಮೂರು ಮೂರು ಪದದ ಪುಟ್ಟ ವಾಕ್ಯಗಳಲ್ಲೇ ಮುಗಿಸಿದರೆ ಮೇಲಿನ ಅಂಕ ಸಿಗದು. 7 ಬ್ಯಾಂಡಿಗೆ ಕೂಡ ಎಲ್ಲ ವಾಕ್ಯಗಳೂ ಶುದ್ಧವಾಗಿರಬೇಕಿಲ್ಲ, ತಪ್ಪಿಲ್ಲದ ವಾಕ್ಯಗಳು ಮೇಲಿಂದ ಮೇಲೆ ಬರುತ್ತಿರಬೇಕು ಎಂಬುದಷ್ಟೇ ನಿಯಮ.

ನಾಲ್ಕನೆಯದು ಉಚ್ಚಾರಣೆ. ಬ್ರಿಟಿಷರಂತೆ ಮಾತಾಡಬೇಕು ಎಂದು ಎಲ್ಲೂ ಬರೆದಿಲ್ಲ! ಕೇಳುವವರಿಗೆ ಆಯಾಸವಿಲ್ಲದೆ ಅರ್ಥವಾಗಬೇಕು, ಅಷ್ಟೆ. 8 ಬ್ಯಾಂಡ್ ಪಡೆಯುವವರ ಮಾತಿನಲ್ಲೂ ಅವರವರ ಊರಿನ ಧಾಟಿ ಇರಬಹುದು, ಅದರಿಂದ ಅರ್ಥ ಕೆಡಬಾರದು ಎಂದೇ ನಿಯಮದಲ್ಲಿದೆ.

ಲೆಕ್ಕ ಸುಲಭ. ಓಟಕ್ಕೆ 7, ಪದಕ್ಕೆ 6, ವ್ಯಾಕರಣಕ್ಕೆ 6, ಉಚ್ಚಾರಣೆಗೆ 7 ಬಂತೆನ್ನಿ. ಒಟ್ಟು 26, ನಾಲ್ಕರಿಂದ ಭಾಗಿಸಿದರೆ 6.5. ಇದೇ ಮಾತಿನ ಅಂಕ. ಮೂರು ಭಾಗಕ್ಕೆ ಬೇರೆ ಬೇರೆ ಅಂಕವಿಲ್ಲ, ಇಡೀ ಮಾತುಕತೆಗೆ ಒಂದೇ ತೀರ್ಪು. ಹಾಗಾಗಿ ಮೊದಲ ಪ್ರಶ್ನೆಗೆ ನಾಲಿಗೆ ಒಣಗಿದರೂ ಕೆಟ್ಟುಹೋಯಿತು ಎಂದುಕೊಳ್ಳಬೇಕಿಲ್ಲ.

ಇನ್ನೂ ಒಂದು ವಿಷಯ: ನೀವು ಹೇಳಿದ್ದು ನಿಜವೋ ಸುಳ್ಳೋ, ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಅಂಕವಿಲ್ಲ. ಮೈಸೂರು ದಸರಾ ನೋಡದವರೂ ನೋಡಿದಂತೆ ಹೇಳಬಹುದು. ಜ್ಞಾನದ ಪರೀಕ್ಷೆ ಅಲ್ಲ ಇದು, ಮಾತಿನ ಪರೀಕ್ಷೆ.

ಗಿಳಿಪಾಠದ ಗತಿ

ಇಷ್ಟು ತಿಳಿಯದೆ ಮಕ್ಕಳು ಪಡುವ ಪಾಡು ನೋಡಿ. ನಮ್ಮ ಹುಡುಗಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಎರಡು ವರ್ಷ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವಳು. ಇಂಗ್ಲೆಂಡಿನಲ್ಲಿ ನರ್ಸಾಗಿ ಹೆಸರು ನೋಂದಾಯಿಸಬೇಕಾದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಮಾತಿನಲ್ಲಿ 7 ಕೇಳುತ್ತದೆ. ಇವಳು ಒಂದು ಕ್ಲಾಸಿಗೆ ಸೇರಿದಳು. ಅಲ್ಲಿ ನಲವತ್ತು ಉತ್ತರಗಳ ನೋಟ್‌ಬುಕ್ ಕೊಟ್ಟು ಉರುಹೊಡೆಯಲು ಹೇಳಿದರು. ನಾಲಿಗೆ ಮಡಿಸಿ ಫಾರಿನ್ನಿನವರ ಹಾಗೆ ಮಾತಾಡಲು ಕಲಿಸಿದರು. ಅಕ್ಕ ಒಂದು ಜೊತೆ ಬಳೆ ಅಡವಿಟ್ಟು ಫೀಸು ಕಟ್ಟಿದಳು.

ಮಾತಿಗೆ ಬಂದದ್ದು 6.

“ಚಿಕ್ಕಮ್ಮಾ, ಕೇಳಿದ್ದು ಗೊತ್ತಿರೋ ವಿಷಯಾನೇ. ಆದ್ರೆ ನೋಟ್‌ಬುಕ್ಕಿನ ಮೂರನೇ ಸಾಲು ನೆನಪಾಗ್ಲಿಲ್ಲ. ಅಲ್ಲೇ ನಿಂತುಬಿಟ್ಟೆ” ಎಂದು ಅತ್ತಳು.

ನಿಯಮ ಓದಿದ ಮೇಲೆ ಕಾರಣ ಹೊಳೆಯಿತು. ಬಾಯಿಪಾಠದ ಮಾತನ್ನು ತರಬೇತಾದ ಪರೀಕ್ಷಕರು ಸುಲಭವಾಗಿ ಗುರುತಿಸುತ್ತಾರೆ. ಕಣ್ಣು ಗೋಡೆಯ ಮೇಲೆ, ದನಿ ಪ್ರಾರ್ಥನೆಯ ರಾಗದಲ್ಲಿ, ಗೊತ್ತಾಗದೇ ಇರುತ್ತದೆಯೇ? ಮುಂದಿನ ಪ್ರಶ್ನೆ ಸ್ವಲ್ಪ ಪಕ್ಕಕ್ಕೆ ಸರಿದರೆ ಮಾತು ಕುಸಿಯುತ್ತದೆ. ಉರುಹೊಡೆದ ಶುದ್ಧ ವಾಕ್ಯದ ಪಕ್ಕದಲ್ಲಿ ಸ್ವಂತ ವಾಕ್ಯ ಕುಂಟಿದರೆ ಇನ್ನಷ್ಟು ಎದ್ದು ಕಾಣುತ್ತದೆ. ನಕಲಿ ಧಾಟಿಯಿಂದ ಉಚ್ಚಾರಣೆಯೂ ಅಸ್ಪಷ್ಟವಾಗುತ್ತದೆ. ಅಂದರೆ, ಯಾವುದಕ್ಕೆ ಅಂಕವೇ ಇಲ್ಲವೋ ಅದಕ್ಕೇ ಹಣ ಸುರಿದದ್ದಾಯಿತು.

ಕನ್ನಡದ ನಾಲಿಗೆ

ಧಾಟಿಗೆ ಅಂಕ ಕಡಿಯುವುದಿಲ್ಲ ಎಂದೆ. ಆದರೆ ಅರ್ಥ ತಡೆಯುವ ಕೆಲವು ಅಭ್ಯಾಸಗಳು ನಮ್ಮಲ್ಲಿವೆ, ಅವನ್ನು ತಿಳಿದಿದ್ದರೆ ಒಳ್ಳೆಯದು.

ನಾವು ‘ಎಗ್’ ಅನ್ನು ‘ಯೆಗ್ಗು’, ‘ಓನ್ಲಿ’ಯನ್ನು ‘ವೋನ್ಲಿ’ ಎನ್ನುತ್ತೇವೆ. ಪದದ ಕೊನೆಗೊಂದು ಉಕಾರ ಸೇರಿಸಿ ಬಸ್ಸು, ಬುಕ್ಕು, ಬೆಡ್ಡು ಮಾಡುತ್ತೇವೆ. ಕೆಲವು ಕಡೆ ಹಕಾರ ಹಾರಿಹೋಗಿ ‘ಹ್ಯಾಂಡ್’ ಎಂಬುದು ‘ಆಂಡ್’ ಆಗುತ್ತದೆ. ಕನ್ನಡದಲ್ಲಿ ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಒತ್ತು. ಇಂಗ್ಲಿಷಿನಲ್ಲಿ ಹಾಗಲ್ಲ. ‘ಫೋಟೋಗ್ರಾಫ್’ ಎನ್ನುವಾಗ ಒತ್ತು ಮೊದಲಿಗೆ, ‘ಫೊಟಾಗ್ರಫಿ’ ಎನ್ನುವಾಗ ಎರಡನೆಯ ಭಾಗಕ್ಕೆ. ಒತ್ತು ತಪ್ಪಿದರೆ ಕೇಳುವವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ.

ವ್ಯಾಕರಣದಲ್ಲೂ ನಮ್ಮ ಮರ್ಯಾದೆಯೇ ನಮಗೆ ತೊಡಕು! ‘ನಮ್ಮ ತಂದೆಯವರು ಮೇಷ್ಟರು, ಅವರು ತುಮಕೂರಿನಲ್ಲಿದ್ದಾರೆ’ ಎನ್ನುವ ಅಭ್ಯಾಸದಿಂದ, ಇಂಗ್ಲಿಷಿನಲ್ಲೂ ಒಬ್ಬರೇ ತಂದೆಗೆ ‘ದೇ ಆರ್’ ಎಂದುಬಿಡುತ್ತೇವೆ. ಕೇಳುವವರಿಗೆ ಎಷ್ಟು ಜನ ತಂದೆಯರು ಎಂದು ಗಲಿಬಿಲಿ. ‘ಎ’, ‘ದ’ ಎಂಬ ಪುಟ್ಟ ಪದಗಳು ಕನ್ನಡದಲ್ಲಿ ಇಲ್ಲದ್ದರಿಂದ ಮರೆತೇ ಹೋಗುತ್ತವೆ. ಇವೆಲ್ಲ ಬುದ್ಧಿಯ ಕೊರತೆ ಅಲ್ಲ, ಅಭ್ಯಾಸದ ಮಾತು.

ನರ್ಸುಗಳಿಗೆ ಇನ್ನೊಂದು ದಾರಿ

ವೈದ್ಯರು, ನರ್ಸುಗಳಿಗೆಂದೇ ಓಇಟಿ ಎಂಬ ಪರೀಕ್ಷೆ ಇದೆ. ಇದು 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡದ್ದು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಭಾಷಾತಜ್ಞ ಟಿಮ್ ಮೆಕ್‌ನಮಾರಾ. ಇಲ್ಲಿ ಮಾತಿನ ಪರೀಕ್ಷೆ ಒಂದು ಪುಟ್ಟ ನಾಟಕದ ಹಾಗೆ. ಎದುರಿಗಿರುವವರು ರೋಗಿ ಅಥವಾ ರೋಗಿಯ ಮನೆಯವರು, ನಮ್ಮ ಹುಡುಗಿ ನರ್ಸು. ಇಂಥ ಎರಡು ಪಾತ್ರಗಳು, ಒಂದೊಂದೂ ಸುಮಾರು ಐದು ನಿಮಿಷ; ಪ್ರತಿಯೊಂದಕ್ಕೂ ಮುಂಚೆ ಮೂರು ನಿಮಿಷ ಸಿದ್ಧತೆ.

ವಿಶೇಷವೆಂದರೆ, ಎದುರು ಕೂತ ‘ರೋಗಿ’ ಅಂಕ ಹಾಕುವುದಿಲ್ಲ. ರೆಕಾರ್ಡಿಂಗ್ ಕೇಳಿ ಬೇರೆ ಇಬ್ಬರು ಹಾಕುತ್ತಾರೆ. ಭಾಷೆಗೆ ನಾಲ್ಕು ಅಂಶ, ಒಂದೊಂದಕ್ಕೆ 6ರವರೆಗೆ. 2018ರಿಂದ ಇನ್ನೂ ಐದು ಅಂಶ ಸೇರಿಸಿದ್ದಾರೆ, ಅವಕ್ಕೆ ತಲಾ 3ರವರೆಗೆ: ರೋಗಿಯೊಂದಿಗೆ ವಿಶ್ವಾಸ ಬೆಳೆಸುವುದು, ಅವರ ಅಳಲನ್ನು ಅವರ ಕಡೆಯಿಂದ ಅರಿಯುವುದು, ಮಾತಿಗೊಂದು ಕ್ರಮ ಕೊಡುವುದು, ವಿಷಯ ಕೇಳಿ ತಿಳಿಯುವುದು, ವಿಷಯ ತಿಳಿಸಿ ಹೇಳುವುದು. ‘ಹೆದರಬೇಡಿ ಅಮ್ಮ, ನಿಧಾನವಾಗಿ ಹೇಳಿ’ ಎನ್ನುವ ಗುಣಕ್ಕೂ ಇಲ್ಲಿ ಅಂಕವಿದೆ ಎಂದರೆ ಸಂತೋಷವಲ್ಲವೇ? ಒಟ್ಟು ಲೆಕ್ಕ 500ಕ್ಕೆ. 350 ಬಂದರೆ ‘ಬಿ’ ದರ್ಜೆ. ಇಂಗ್ಲೆಂಡಿನ ಕೌನ್ಸಿಲ್ ಮಾತಿಗೆ ಇದನ್ನೇ ಕೇಳುತ್ತದೆ.

ಮದುವೆಯಾಗಿ ಹೋಗುವವರಿಗೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ಗಂಡನ ಬಳಿಗೆ ಹೋಗುವ ನಮ್ಮಂಥ ದೇಶಗಳ ಹೆಣ್ಣುಮಕ್ಕಳಿಗೆ 2010ರ ನವೆಂಬರ್‌ನಿಂದ ಇಂಗ್ಲಿಷ್ ಪರೀಕ್ಷೆ ಕಡ್ಡಾಯವಾಗಿದೆ. ಪದವಿಯನ್ನೇ ಇಂಗ್ಲಿಷಿನಲ್ಲಿ ಓದಿದವರು ಮುಂತಾದ ಕೆಲವರಿಗೆ ವಿನಾಯಿತಿ ಉಂಟು. ಮೊದಲ ಸಲ ಹೋಗುವವರಿಗೆ ಬೇಕಾದದ್ದು ತೀರ ಆರಂಭದ ಮಟ್ಟ. ಅದನ್ನು ‘ಎ1’ ಎನ್ನುತ್ತಾರೆ. ಇದಕ್ಕೆಂದು ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಎಂಬ ಪರೀಕ್ಷೆ ಇದೆ. ಓದು ಬರಹ ಇಲ್ಲ, ಕೇಳುವುದು ಮತ್ತು ಮಾತಾಡುವುದು ಮಾತ್ರ. 16ರಿಂದ 18 ನಿಮಿಷ. ನಿಮ್ಮಂತೆಯೇ ಪರೀಕ್ಷೆಗೆ ಬಂದ ಇನ್ನೊಬ್ಬರ ಜೊತೆ ಕೂರಿಸಿ, ಪರೀಕ್ಷಕರ ಜೊತೆಗೂ ನಿಮ್ಮಿಬ್ಬರೊಳಗೂ ಮಾತಾಡಿಸುತ್ತಾರೆ. ಬ್ಯಾಂಡ್ ಇಲ್ಲ, ಇಲ್ಲಿ ಪಾಸು ಅಥವಾ ಫೇಲು. ಕೇಳಿದ್ದು ತಿಳಿಯಿತೇ, ಹೇಳಬೇಕಾದ್ದನ್ನು ಹೇಳಿದರೇ, ಪಕ್ಕದವರ ಜೊತೆ ಮಾತು ಬೆಳೆಸಿದರೇ ಎಂದು ನೋಡುತ್ತಾರೆ. ಪಕ್ಕದವರು ಚೆನ್ನಾಗಿ ಮಾತಾಡಿದರು ಎಂದು ಅಂಜಬೇಕಿಲ್ಲ, ಅವರ ಫಲಿತಾಂಶ ಅವರಿಗೆ, ನಿಮ್ಮದು ನಿಮಗೆ. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುಂಚೆ ಆ ಸರ್ಕಾರದ ಪ್ರಕಟಣೆಯನ್ನೇ ನೋಡಿ, ದಲ್ಲಾಳಿಗಳ ಮಾತು ನಂಬಬೇಡಿ.

ಮನೆಯಲ್ಲೇ ಅಭ್ಯಾಸ

ನಮ್ಮ ಹುಡುಗಿ ಎರಡು ತಿಂಗಳು ಮಾಡಿದ ಅಭ್ಯಾಸ ಇಷ್ಟು. ಖರ್ಚಿಲ್ಲ.

1. ದಿನಕ್ಕೊಂದು ಚೀಟಿ. ಮನೆಯವರೇ ಒಂದು ವಿಷಯ ಬರೆದು ಡಬ್ಬಿಯಲ್ಲಿ ಹಾಕಿ. ಎತ್ತಿದ ಚೀಟಿಗೆ ಒಂದು ನಿಮಿಷ ಯೋಚನೆ, ಎರಡು ನಿಮಿಷ ಮಾತು. ಗಡಿಯಾರ ಮುಂದಿಡಿ.

2. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೆಯ ದಿನ ಕೇಳಿ. ಎಲ್ಲಿ ನಿಂತೆ, ಯಾವ ಪದವನ್ನು ಪದೇ ಪದೇ ಹೇಳಿದೆ ಎಂಬುದು ತಾನಾಗಿ ಕಿವಿಗೆ ಬೀಳುತ್ತದೆ.

3. ಒಂದು ಪದದ ಉತ್ತರಕ್ಕೆ ‘ಏಕೆ?’ ಎಂದು ಕೇಳಿ. ‘ನನಗೆ ದೋಸೆ ಇಷ್ಟ’ ಎಂದಳೋ, ಏಕೆ, ಯಾವಾಗ, ಯಾರು ಮಾಡಿದ್ದು ಎಂದು ಮಾತು ಬೆಳೆಸಿ. ಇದಕ್ಕೆ ತಾಯಿಗೆ ಇಂಗ್ಲಿಷ್ ಬರಬೇಕಿಲ್ಲ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

4. ಅಡುಗೆಮನೆಯ ಸಾಮಾನಿನ ಹೆಸರು ಹೇಳದೆ, ಅದು ಏನೆಂದು ವಿವರಿಸುವ ಆಟ ಆಡಿ. ಜಾಲರಿ, ಕವಳಿಗೆ ಸೌಟು, ಶಾವಿಗೆ ಒರಳು, ಯಾವುದಾದರೂ ಸರಿ. ಪದ ಸಿಗದಾಗ ನಿಲ್ಲದಿರುವ ಧೈರ್ಯ ಇದರಿಂದ ಬರುತ್ತದೆ.

5. ಪ್ರಶ್ನೆ ಕೇಳಿಸದಿದ್ದರೆ ‘ಇನ್ನೊಮ್ಮೆ ಹೇಳುವಿರಾ’ ಎಂದು ಕೇಳುವುದನ್ನು ರೂಢಿಸಿಕೊಳ್ಳಲಿ. ಕೇಳಿದ ಮಾತ್ರಕ್ಕೆ ಅಂಕ ಹೋಗದು.

ಎರಡನೇ ಸಲ ಪರೀಕ್ಷೆಗೆ ಕೂತಾಗ ನಮ್ಮ ಹುಡುಗಿಗೆ 7 ಬಂತು. ಧಾಟಿ ಮಾತ್ರ ಅದೇ ಹಾಸನದ್ದು!

ಅಂಕ ಕಡಿಮೆ ಬಂದರೆ?

ಫಲಿತಾಂಶದ ಪತ್ರದಲ್ಲಿ ಮಾತಿಗೆ ಒಂದೇ ಸಂಖ್ಯೆ ಇರುತ್ತದೆ, ನಾಲ್ಕು ತಕ್ಕಡಿಯ ವಿವರ ಇರುವುದಿಲ್ಲ. ಅನ್ಯಾಯವಾಗಿದೆ ಎನಿಸಿದರೆ ಆರು ವಾರದೊಳಗೆ ಶುಲ್ಕ ಕಟ್ಟಿ ಮರುಪರಿಶೀಲನೆ ಕೇಳಬಹುದು. ಹಿರಿಯ ಪರೀಕ್ಷಕರು ರೆಕಾರ್ಡಿಂಗ್ ಕೇಳಿ ಮತ್ತೆ ಅಂಕ ಹಾಕುತ್ತಾರೆ. ಅಂಕ ಏರಿದರೆ ಆ ಶುಲ್ಕ ವಾಪಸು. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದವರಿಗೆ, ನಾಲ್ಕರಲ್ಲಿ ಒಂದು ಭಾಗವನ್ನು ಮಾತ್ರ 60 ದಿನದೊಳಗೆ ಮತ್ತೆ ಬರೆಯುವ ಅನುಕೂಲವೂ ಇದೆ. ಆದರೆ ಅದನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ, ಮೊದಲು ವಿಚಾರಿಸಿಕೊಳ್ಳಿ. ಅಂಕಪಟ್ಟಿಗೆ ಎರಡು ವರ್ಷ ಬೆಲೆ, ಆದ್ದರಿಂದ ತೀರ ಮುಂಚಿತವಾಗಿ ಬರೆಸುವುದೂ ಜಾಣತನವಲ್ಲ.

ಕೊನೆಗೊಂದು ಮಾತು. 6 ಬಂದ ಹುಡುಗಿ ದಡ್ಡಿಯಲ್ಲ, 8 ಬಂದವಳು ಪಂಡಿತೆಯೂ ಅಲ್ಲ. ಒಂದು ದಿನ, ಹದಿನಾಲ್ಕು ನಿಮಿಷ, ಅವಳ ಇಂಗ್ಲಿಷ್ ಮಾತು ಇನ್ನೊಬ್ಬರಿಗೆ ಎಷ್ಟು ಸಲೀಸಾಗಿ ತಲುಪಿತು ಎಂಬುದಕ್ಕೆ ಮಾತ್ರ ಆ ಸಂಖ್ಯೆ. ನಿಮ್ಮ ಮನೆಯಲ್ಲಿ ಈ ಪರೀಕ್ಷೆಗೆ ಕೂರುವವರಿದ್ದರೆ, ಕ್ಲಾಸಿಗೆ ಹಣ ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: “ಅಂಕ ಹಾಕುವ ನಾಲ್ಕು ಅಂಶ ಯಾವುವು, ಅವನ್ನು ನೀವು ಹೇಗೆ ಕಲಿಸುತ್ತೀರಿ?” ಉತ್ತರವಾಗಿ ನೋಟ್‌ಬುಕ್ ಬಂದರೆ, ಪರ್ಸು ಮುಚ್ಚಿಕೊಂಡು ಮನೆಗೆ ಬನ್ನಿ. ಚೀಟಿಯ ಡಬ್ಬಿ ಹೇಗೂ ಮನೆಯಲ್ಲಿದೆಯಲ್ಲ!